ಕಾಡಿಗೆಯ ಗೆರೆ ಎಲ್ಲಿ ಬೀಳಬೇಕು

ಮಳೆಗಾಲ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ಸೊರಬ, ಸಾಗರ ಸೀಮೆಯ ಅಡಿಕೆ ಮನೆಗಳಲ್ಲಿ ರಾತ್ರಿ ಉದ್ದವಾಗುತ್ತದೆ. ಚಪ್ಪರದಡಿ ಬಲ್ಬು ಇಳಿಬಿಟ್ಟು, ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯಲು ಕೂರುತ್ತಾರೆ. ಆಚೆ ಅಡಿಕೆ ಬೇಯುವ ಹಂಡೆ. ಅದರಡಿಯ ಸೌದೆ ಹೊಗೆ ಗಾಳಿ ಬೀಸಿದತ್ತ ತಿರುಗುತ್ತದೆ. ಶಿಕಾರಿಪುರದ ಕಡೆ ಹೋದರೆ ಅದೇ ತಿಂಗಳುಗಳಲ್ಲಿ ಮೆಕ್ಕೆಜೋಳದ ಕಣ, ಯಂತ್ರದ ಬಾಯಿಂದ ಹಾರುವ ದೂಳು. ಸೊರಬ ತಾಲ್ಲೂಕಿನ ಉಳವಿ ಹೋಬಳಿಯಂಥ ಕಡೆ ಅಡಿಕೆ, ಭತ್ತ, ಜೋಳ ಎಲ್ಲವೂ ಇರುವುದರಿಂದ ಹೊಗೆಯೂ ಉಂಟು, ದೂಳೂ ಉಂಟು. 

ಈ ದಿನಗಳಲ್ಲಿ ಕಣ್ಣಿನ ದೂರು ಒಂದೇ ಥರ. ಕಣ್ಣಲ್ಲಿ ಮರಳು ಹೊಯ್ದ ಹಾಗಾಗುತ್ತದೆ, ಉರಿ, ಸಂಜೆಯಾಗುತ್ತಲೇ ರೆಪ್ಪೆ ಭಾರ, ಬೈಕಿನ ಹಿಂದೆ ಕೂತರೆ ದಳದಳ ನೀರು. ಪರೀಕ್ಷಿಸಿದ ವೈದ್ಯರು ಹೇಳುವುದು ‘ಡ್ರೈ ಐ’, ಕಣ್ಣು ಒಣಗಿದೆ ಎಂದು. ಕೇಳಿದವರಿಗೆ ನಗು ಬರುವುದು ಸಹಜ. ‘ಎಂತ ಮಾರಾಯ್ರೆ, ಇಡೀ ದಿನ ಸೆರಗಲ್ಲಿ ಕಣ್ಣೀರು ಒರಸ್ತಾ ಇದೀನಿ, ನೀವು ನೋಡಿದ್ರೆ ಒಣಗಿದೆ ಅಂತೀರಲ್ಲ!’ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸಿಕ್ಕರೆ ಕಣ್ಣಿನ ಆರೈಕೆಯ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ. ಕಾಡಿಗೆ ಹಚ್ಚಬೇಕೋ ಬೇಡವೋ ಎಂಬ ತಕರಾರೂ ಅದರಲ್ಲೇ ಬಗೆಹರಿಯುತ್ತದೆ.

ಅಳುವಾಗ ಬರುವುದು ಕಣ್ಣೀರಿನ ಅಪರೂಪದ ರೂಪ. ಎಚ್ಚರವಿರುವಷ್ಟು ಹೊತ್ತೂ ಕಣ್ಣಿನ ಮೇಲೆ ಇನ್ನೊಂದು ಕಣ್ಣೀರು ತೆಳ್ಳಗೆ ಹರಡಿಕೊಂಡಿರುತ್ತದೆ. ಅದರ ದಪ್ಪ ಸುಮಾರು 3 ಮೈಕ್ರಾನ್, ಎಂದರೆ ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲು. ಒಂದು ಕಣ್ಣಿನಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಕಣ್ಣೀರೆಲ್ಲ ಸೇರಿಸಿದರೂ 7 ಮೈಕ್ರೋಲೀಟರ್ ಆಸುಪಾಸು. ಔಷಧದ ಸೀಸೆಯಿಂದ ಬೀಳುವ ಒಂದೇ ಹನಿ ಅದಕ್ಕಿಂತ ಐದಾರು ಪಟ್ಟು ದೊಡ್ಡದು. ಇಷ್ಟು ತೆಳುವಾದ ಪೊರೆಯೊಳಗೂ ಅಚ್ಚುಕಟ್ಟಾದ ಏರ್ಪಾಡಿದೆ. ತಳದಲ್ಲಿ ಲೋಳೆ, ನೀರನ್ನು ಕಣ್ಣಿಗೆ ಅಂಟಿಸಿಕೊಳ್ಳಲು. ನಡುವೆ ನೀರು, ಅದರಲ್ಲಿ ಉಪ್ಪು ಮತ್ತು ರೋಗಾಣುಗಳನ್ನು ಎದುರಿಸುವ ಪ್ರೋಟೀನು. ಎಲ್ಲಕ್ಕಿಂತ ಮೇಲೆ ಎಣ್ಣೆ, ಒಂದು ಮೈಕ್ರಾನಿನ ಇಪ್ಪತ್ತೈದರಲ್ಲೊಂದು ಭಾಗದಷ್ಟು. ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿ ಭರಣಿಯೊಳಗೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಹಾಸಿ ಗಾಳಿ ತಾಗದಂತೆ ಮಾಡುತ್ತಾರಲ್ಲ, ಕಣ್ಣಿನ ಎಣ್ಣೆಪದರದ ಕೆಲಸವೂ ಅದೇ. ಅದು ಇರುವವರೆಗೆ ಕೆಳಗಿನ ನೀರು ಆರುವುದಿಲ್ಲ. ಎಣ್ಣೆಪದರ ಕೆಟ್ಟವರ ಕಣ್ಣೀರು ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಆವಿಯಾಗುತ್ತದೆ ಎಂದು 1997ರ ಒಂದು ಅಧ್ಯಯನ ಅಳೆದು ತೋರಿಸಿತು.

ನೀರು ಆರಿದ ಜಾಗದಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ನರಗಳಿಗೆ ಅದು ಚುಚ್ಚುತ್ತದೆ. ದೇಹದಲ್ಲಿ ಇಷ್ಟು ದಟ್ಟವಾಗಿ ನರ ಹೆಣೆದುಕೊಂಡ ಜಾಗ ಇನ್ನೊಂದು ಸಿಗುವುದು ಕಷ್ಟ. ಹುಬ್ಬಿನ ಕೆಳಗೆ, ಕಣ್ಣುಗುಡ್ಡೆಯ ಹೊರಮಗ್ಗುಲಲ್ಲಿ ಕೂತ ಕಣ್ಣೀರಿನ ಗ್ರಂಥಿ ಈ ಕೂಗು ಕೇಳಿ ಒಮ್ಮೆಲೇ ನೀರು ಬಿಡುತ್ತದೆ. ಈರುಳ್ಳಿ ಹೆಚ್ಚುವಾಗ ಬರುವುದೂ ಇದೇ ನೀರು. ಇದರಲ್ಲಿ ಎಣ್ಣೆಯೂ ಲೋಳೆಯೂ ಕಡಿಮೆ. ಹಾಗಾಗಿ ಕಣ್ಣ ಮೇಲೆ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ಇಳಿದ ಮೇಲೆ ಕಣ್ಣು ಮತ್ತೆ ಒಣಗುತ್ತದೆ, ಮತ್ತೆ ನೀರು ಸುರಿಯುತ್ತದೆ. ಸೆರಗು ಒದ್ದೆಯಾಗುವುದಕ್ಕೂ ಕಣ್ಣು ಒಣಗುವುದಕ್ಕೂ ವಿರೋಧವಿಲ್ಲ.

ನೀರೇ ಕಡಿಮೆಯಾಗುವ ಒಣಗಣ್ಣೂ ಇದೆ. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಅದು ಹೆಚ್ಚು. ಕಣ್ಣಿನ ಉರಿಯ ಜೊತೆ ಬಾಯಿ ಒಣಗಿ ರೊಟ್ಟಿ ನುಂಗಲೂ ನೀರು ಬೇಕು ಎನ್ನಿಸಿದರೆ, ಕೀಲುಗಳೂ ನೋಯುತ್ತಿದ್ದರೆ ಅದನ್ನು ವೈದ್ಯರ ಕಿವಿಗೆ ಹಾಕಬೇಕು. ಆದರೆ ಬಹುಪಾಲು ಜನರ ತೊಂದರೆ ಎಣ್ಣೆಯದೇ, ಅಥವಾ ಎಣ್ಣೆ ನೀರು ಎರಡೂ ಕೂಡಿದ್ದು.

ಈ ಎಣ್ಣೆ ಬರುವುದು ರೆಪ್ಪೆಯ ಒಳಗಿಂದ. ಜರ್ಮನಿಯ ವೈದ್ಯ ಹೈನ್‌ರಿಕ್ ಮೈಬೋಮ್ 1666ರಲ್ಲಿ ಅದರ ಗ್ರಂಥಿಗಳನ್ನು ವಿವರಿಸಿದ. ಇವತ್ತಿಗೂ ಅವಕ್ಕೆ ಅವನ ಹೆಸರೇ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಸಣ್ಣ ಕೊಳವೆಗಳಂತೆ ಸಾಲಾಗಿ ನಿಂತಿರುವ ಇವು ಬಾಯಿ ತೆರೆಯುವುದು ರೆಪ್ಪೆಯ ಅಂಚಿನಲ್ಲಿ, ರೆಪ್ಪೆಗೂದಲಿನ ಸಾಲಿಗೂ ಕಣ್ಣುಗುಡ್ಡೆಗೂ ನಡುವಿನ ತೇವದ ಪಟ್ಟಿಯಲ್ಲಿ. ಕನ್ನಡಿಯ ಮುಂದೆ ಒಳ್ಳೆ ಬೆಳಕಿನಲ್ಲಿ ಕೆಳರೆಪ್ಪೆಯನ್ನು ತುಸು ಎಳೆದು ನೋಡಿದರೆ ಆ ಪಟ್ಟಿ ಕಾಣುತ್ತದೆ. ಅದರ ಗುರುತು ಮನಸ್ಸಿನಲ್ಲಿರಲಿ, ಕಾಡಿಗೆಯ ವಿಷಯ ಬಂದಾಗ ಬೇಕಾಗುತ್ತದೆ.

ಗ್ರಂಥಿಯಲ್ಲಿ ಎಣ್ಣೆ ಇದ್ದರೆ ಸಾಲದು, ಅದನ್ನು ಹಿಂಡಿ ಹರಡುವವರು ಬೇಕು. ರೆಪ್ಪೆ ಬಡಿಯುವುದು ಅದಕ್ಕೇ. ಸುಮ್ಮನೆ ಮಾತಾಡುತ್ತ ಕೂತಾಗ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಯಾವುದನ್ನಾದರೂ ಗಮನವಿಟ್ಟು ನೋಡಲು ತೊಡಗಿದರೆ ಅದು ಐದಾರಕ್ಕೆ ಇಳಿಯಬಹುದು. ಇಳಿದದ್ದರಲ್ಲೂ ಅರ್ಧಂಬರ್ಧ ಬಡಿತಗಳೇ ಹೆಚ್ಚು. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವ ಮೊದಲೇ ವಾಪಸಾಗುತ್ತದೆ, ಕಣ್ಣಿನ ಕೆಳಭಾಗಕ್ಕೆ ಎಣ್ಣೆ ತಲುಪುವುದೇ ಇಲ್ಲ.

ಇದನ್ನೆಲ್ಲ ಮೊಬೈಲಿನ ತಲೆಗೆ ಕಟ್ಟುವುದು ಈಗ ರೂಢಿ. ಮೊಬೈಲಿನ ಪಾಲು ದೊಡ್ಡದೇ, ಸುಳ್ಳಲ್ಲ. ಆದರೆ ಸೊರಬ, ಸಾಗರದ ಕಡೆಯ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದನ್ನು ನೋಡಿ. ಪುಂಡಿ ನಾರಿನ ಕುಂಚ, ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು. ಒಂದು ಗೆರೆ ಇನ್ನೊಂದಕ್ಕೆ ತಾಗದಂತೆ, ನಡುಗದಂತೆ ಎಳೆಯಬೇಕು. ಭೂಮಿ ಹುಣ್ಣಿಮೆಗೆ ಮುಂಚೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವಾಗಲೂ ಹಾಗೇ. ಗೆರೆ ಮುಗಿಯುವವರೆಗೆ ಯಾರೂ ರೆಪ್ಪೆ ಬಡಿಯುವುದಿಲ್ಲ. ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಬಳ್ಳಿ, ಹೂವು, ಆನೆ ಬಿಡಿಸುವಾಗಲೂ ಅಷ್ಟೇ; ಅಲ್ಲಿ ಮರದ ಹುಡಿ ಬೇರೆ. ಮೆಟ್ಟುಗತ್ತಿಯ ಅಲಗಿನ ಮೇಲೆ ಕಣ್ಣಿಟ್ಟವರು ರೆಪ್ಪೆ ಬಡಿಯಲು ಧೈರ್ಯ ಮಾಡುವುದೂ ಕಷ್ಟವೇ. ಕಣ್ಣನ್ನು ಒಣಗಿಸುವುದು ಗಮನ. ಪರದೆಯ ಬೆಳಕಿನ ಮೇಲೆ ತಪ್ಪು ಹೊರಿಸಿ ‘ನೀಲಿ ಬೆಳಕು ತಡೆಯುವ’ ಕನ್ನಡಕ ಮಾರುವವರಿದ್ದಾರೆ. ಅಂಥ ಕನ್ನಡಕದ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ 2023ರ ಕಾಕ್ರೇನ್ ವಿಮರ್ಶೆಗೆ, ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಆ ದುಡ್ಡು ಉಳಿಸಬಹುದು.

ಮಾಡಬೇಕಾದ್ದು ಖರ್ಚಿಲ್ಲದ್ದು. ಇಪ್ಪತ್ತು ನಿಮಿಷಕ್ಕೊಮ್ಮೆ ಕತ್ತೆತ್ತಿ ದೂರದ ತೋಟದ ಕಡೆ ನೋಡುವುದು. ಆ ಹೊತ್ತಿನಲ್ಲಿ ಕಣ್ಣನ್ನು ಪೂರ್ತಿ ಮುಚ್ಚಿ, ಎರಡು ಎಣಿಸುವಷ್ಟು ತಡೆದು, ತೆರೆಯುವುದು, ಹೀಗೆ ಹತ್ತು ಸಲ. ನೋಡುವ ವಸ್ತು ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು. ಮೇಲೆ ನೋಡುವಾಗ ಕಣ್ಣು ಅಗಲ ತೆರೆದು ಹೆಚ್ಚು ಜಾಗ ಗಾಳಿಗೆ ಬೀಳುತ್ತದೆ. ಜಗಲಿಯಲ್ಲಿ ಬಾಗಿಲಿನಷ್ಟು ಎತ್ತರಕ್ಕೆ ಟಿವಿ ತೂಗುಹಾಕಿ ಮಂಚದಿಂದ ಕತ್ತೆತ್ತಿ ಧಾರಾವಾಹಿ ನೋಡುವ ಮನೆಗಳಲ್ಲಿ ಕತ್ತಿನ ನೋವಿನ ಜೊತೆ ಕಣ್ಣುರಿಯೂ ಬರುವುದು ಇದರಿಂದ. ಕಣ್ಣು ಒಣಗಿದೆಯೋ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಎರಡು ಸಲ ಚೆನ್ನಾಗಿ ರೆಪ್ಪೆ ಬಡಿದು ಆಮೇಲೆ ತೆರೆದೇ ಇಟ್ಟುಕೊಳ್ಳಿ. ಹತ್ತು ಸೆಕೆಂಡಿಗೂ ಮೊದಲೇ ಚುರುಗುಟ್ಟಿದರೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಇನ್ನು ಕಾಡಿಗೆ.

ಗೌರಿ ಹಬ್ಬದ ಬಾಗಿನದಲ್ಲಿ ಅರಿಶಿನ, ಕುಂಕುಮ, ಬಳೆ, ಕನ್ನಡಿ, ಕರಿಮಣಿಯ ಜೊತೆ ಕಾಡಿಗೆ ಇರಲೇಬೇಕು. ಅದಿಲ್ಲದ ಬಾಗಿನಕ್ಕೆ ಹಿರಿಯರ ಗೊಣಗು ತಪ್ಪಿದ್ದಲ್ಲ. ಹಾಗಾಗಿ ‘ಕಾಡಿಗೆ ಬಿಟ್ಟುಬಿಡಿ’ ಎನ್ನುವ ವೈದ್ಯರ ಮಾತು ನಮ್ಮ ಮನೆಗಳಲ್ಲಿ ಬಾಗಿಲು ದಾಟಿ ಒಳಗೆ ಬರುವುದಿಲ್ಲ. ಅದು ಅಗತ್ಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾಡಿಗೆಯಲ್ಲಿ ಏನಿದೆ, ಅದು ಎಲ್ಲಿ ಬೀಳುತ್ತದೆ ಎಂಬೆರಡನ್ನು ಬಿಡಿಸಿ ನೋಡಿದರೆ ಸಾಕು.

ಮನೆಯಲ್ಲಿ ಕಾಡಿಗೆ ಕಟ್ಟುವ ಕ್ರಮ ಹಲವು. ನಂದಿಬಟ್ಟಲು ಹೂವಿನದೋ ಹೊನಗೊನೆ ಸೊಪ್ಪಿನದೋ ರಸದಲ್ಲಿ ಬಟ್ಟೆ ನೆನೆಸಿ ನೆರಳಲ್ಲಿ ಒಣಗಿಸಿ ಬತ್ತಿ ಹೊಸೆಯುತ್ತಾರೆ. ಹರಳೆಣ್ಣೆಯ ಅಥವಾ ತುಪ್ಪದ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿಡುತ್ತಾರೆ. ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು ತುಪ್ಪ, ಬೆಣ್ಣೆ ಅಥವಾ ಹರಳೆಣ್ಣೆಯಲ್ಲಿ ಕಲಸಿದರೆ ಕಾಡಿಗೆ. ಇದರ ಒಂದು ಗುಣ ಒಪ್ಪಲೇಬೇಕು: ಇದರಲ್ಲಿ ಸೀಸವಿಲ್ಲ. ಉತ್ತರ ಭಾರತದ, ಅರಬ್ ನಾಡುಗಳ ಸುರ್ಮಾದ ಮಾತು ಬೇರೆ. ಅದು ಹಲವು ಸಲ ಗೆಲೀನಾ ಎಂಬ ಸೀಸದ ಅದಿರಿನ ಪುಡಿ. ಕಣ್ಣಿಗೆ ಹಚ್ಚಿದ್ದು ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ. ಅಮೆರಿಕದಲ್ಲಿ ಈ ಕಾರಣಕ್ಕೆ ಸುರ್ಮಾ ಮಾದರಿಯ ಕಪ್ಪನ್ನು ಸೌಂದರ್ಯವರ್ಧಕಗಳಲ್ಲಿ ಬಳಸಲು ಪರವಾನಗಿಯಿಲ್ಲ. ಬಣ್ಣಕ್ಕಾಗಿ ಸೀಸದ ಸಂಯುಕ್ತ ಸೇರಿಸುವುದನ್ನು ನಮ್ಮ ಕಾನೂನೂ ನಿಷೇಧಿಸಿದೆ. ಆದ್ದರಿಂದ ಜಾತ್ರೆಯ ಅಂಗಡಿಯಲ್ಲಿ ಸಿಗುವ, ತಯಾರಕರ ಹೆಸರೂ ಬ್ಯಾಚ್ ಸಂಖ್ಯೆಯೂ ಅವಧಿ ದಿನಾಂಕವೂ ಇಲ್ಲದ ಡಬ್ಬಿಯ ಮುಂದೆ ನಿಲ್ಲದೆ ಬಳೆ ಅಂಗಡಿಗೆ ಹೋಗುವುದೇ ಕ್ಷೇಮ.

ಮನೆಯ ಕಾಡಿಗೆಗೂ ಪೂರ್ತಿ ಮಾಫಿ ಇಲ್ಲ. ಮಸಿಯೆಂದರೆ ಅರೆಬೆಂದ ಇಂಗಾಲದ ಕಣಗಳು. ಬೆರಳಿನಿಂದ ತೆಗೆದು ಹಚ್ಚುವ, ವರ್ಷಗಟ್ಟಲೆ ಗೂಡಿನಲ್ಲಿ ಕೂರುವ ಬೆಣ್ಣೆ ಕಲಸಿದ ಮಸಿ ರೋಗಾಣುಗಳಿಗೆ ಒಗ್ಗುವ ಊಟವೂ ಹೌದು. ತಾಯಿ, ಮಗಳು, ಸೊಸೆ ಎಲ್ಲರ ಬೆರಳೂ ಒಂದೇ ಡಬ್ಬಿಗೆ ಇಳಿದರೆ ಒಬ್ಬರ ಕಣ್ಣುಬೇನೆ ಎಲ್ಲರದಾಗುತ್ತದೆ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ‘ಮದ್ರಾಸ್ ಐ’ ಹರಡಿದ್ದು ನೆನಪಿರಬಹುದು. ಅಂಥ ಕಣ್ಣುಬೇನೆ ಬಂದು ಹೋದ ಮೇಲೆ, ಆಗ ಬಳಸುತ್ತಿದ್ದ ಕಾಡಿಗೆ ಎಷ್ಟೇ ದುಬಾರಿಯದಾಗಿದ್ದರೂ ಎಸೆಯಬೇಕು.

ಆದರೂ ಮುಖ್ಯ ಪ್ರಶ್ನೆ ಗೆರೆ ಎಲ್ಲಿ ಬೀಳುತ್ತದೆ ಎಂಬುದೇ. ನಮ್ಮ ರೂಢಿಯಲ್ಲಿ ಕಾಡಿಗೆ ಹಚ್ಚುವುದೆಂದರೆ ಕೆಳರೆಪ್ಪೆ ಎಳೆದು ಒಳಗಿನ ತೇವದ ಅಂಚಿಗೆ ತೀಡುವುದು. ಮೈಬೋಮ್ ಗ್ರಂಥಿಗಳ ಬಾಯಿ ಇರುವುದು ಸರಿಯಾಗಿ ಅಲ್ಲೇ. ಇಪ್ಪತ್ತು ಮೂವತ್ತು ಎಣ್ಣೆಬಾಯಿಗಳ ಮೇಲೆ ಮೇಣ, ಮಸಿ ಮೆತ್ತಿ, ಆಮೇಲೆ ಕಣ್ಣು ಒಣಗುತ್ತದೆಂದು ನೀರಿನ ಹನಿ ಬಿಡುವುದು ವಿಚಿತ್ರವಾದ ಚಿಕಿತ್ಸೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಆಲಿಸನ್ ಎಂಗ್ 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹೊಳಪು ಕಣಗಳಿದ್ದ ಐಲೈನರನ್ನು ಒಮ್ಮೆ ರೆಪ್ಪೆಗೂದಲಿನ ಹೊರಗೆ, ಇನ್ನೊಮ್ಮೆ ಒಳ ಅಂಚಿಗೆ ಹಚ್ಚಿ, ಕಣ್ಣೀರಿನಲ್ಲಿ ತೇಲುವ ಕಣಗಳನ್ನು ವಿಡಿಯೊದಲ್ಲಿ ಎಣಿಸಿದರು. ಒಳಗೆ ಹಚ್ಚಿದಾಗ ಶೇಕಡಾ 15ರಿಂದ 30ರಷ್ಟು ಹೆಚ್ಚು ಕಣಗಳು, ಅದೂ ಐದು ನಿಮಿಷದೊಳಗೇ ಕಣ್ಣೀರಿಗೆ ಸೇರಿದ್ದವು. ಕಣ್ಣು ಅವನ್ನು ಹೊರಹಾಕುತ್ತದೆ, ನಿಜ. ಸಂಜೆ ಕಣ್ಣಿನ ಮೂಲೆಯಲ್ಲಿ ಕೂಡುವ ಕಪ್ಪು ಗೀಜು ಅದೇ. ಆದರೆ ಆಗಲೇ ಒಣಗಿದ ಕಣ್ಣಿಗೆ ಹೊರಹಾಕುವಷ್ಟು ನೀರೇ ಇರುವುದಿಲ್ಲ.

ಹಾಗಾಗಿ ಗೆರೆಯನ್ನು ಒಂದೆರಡು ಮಿಲಿಮೀಟರ್ ಹೊರಗೆ ಸರಿಸಿ, ರೆಪ್ಪೆಗೂದಲಿನ ಬುಡದ ಆಚೆ ಎಳೆಯಿರಿ. ದೂರದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದು, ಕಣ್ಣಿಗೆ ತಿಳಿಯುತ್ತದೆ. ಬಾಣಂತಿ ಮನೆಯಲ್ಲಿ ಮಗುವಿನ ಕಣ್ಣಿನ ಒಳಗೆ ಕಾಡಿಗೆ ತೀಡಿದರೆ ಕಣ್ಣು ದೊಡ್ಡದಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮಗುವಿನ ಕಣ್ಣೀರಿನ ನಾಳ ಬಲು ಕಿರಿದು, ಬೇಗ ಸೋಂಕಾಗುತ್ತದೆ. ದೃಷ್ಟಿ ತೆಗೆಯಲು ಕೆನ್ನೆಯ ಮೇಲೋ ಅಂಗಾಲಿನಲ್ಲೋ ಒಂದು ಬೊಟ್ಟು ಇಟ್ಟರೆ ಅಜ್ಜಿಗೂ ಸಮಾಧಾನ, ಮಗುವಿಗೂ ತೊಂದರೆಯಿಲ್ಲ.

ಹರಳೆಣ್ಣೆಯ ವಿಷಯದಲ್ಲಿ ಮಾತ್ರ ಹಿಂದಿನವರಿಗೆ ಅರ್ಧ ಅಂಕ ಕೊಡಬೇಕು. ಒಣಗಣ್ಣಿಗೆ ಅಮೆರಿಕದಲ್ಲಿ 2002ರ ಕೊನೆಗೆ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಹನಿ ಹಾಲಿನಂತೆ ಬೆಳ್ಳಗಿರುತ್ತದೆ, ಅದರಲ್ಲಿ ಶೇಕಡಾ 1.25ರಷ್ಟು ಹರಳೆಣ್ಣೆಯಿದೆ. ತೀರಾ ತೆಳುವಾಗಿ ಬೆರೆಸಿದ ಹರಳೆಣ್ಣೆಯ ಹನಿ ಎಣ್ಣೆಗ್ರಂಥಿ ಕಟ್ಟಿದವರಿಗೆ ಹಿತ ಕೊಡುತ್ತದೆ ಎಂದು ಜಪಾನಿನ ವೈದ್ಯರೂ ಅದೇ ವರ್ಷ ವರದಿ ಮಾಡಿದ್ದರು. ಅಂದಮಾತ್ರಕ್ಕೆ ಗಾಣದ ಎಣ್ಣೆಯನ್ನು ಕಣ್ಣಿಗೆ ಬಿಟ್ಟುಕೊಳ್ಳುವುದು ಸಲ್ಲದು. ಔಷಧದ ಎಣ್ಣೆ ರೋಗಾಣು ಕಳೆದದ್ದು, ಮೈಕ್ರಾನಿಗಿಂತ ಸಣ್ಣ ಹನಿಗಳಾಗಿ ನೀರಿನಲ್ಲಿ ಒಡೆದದ್ದು. ಮನೆಯ ಎಣ್ಣೆ ರೆಪ್ಪೆಯ ಹೊರಗಿನ ಚರ್ಮಕ್ಕೆ ಒಂದು ಸವರು ಸಾಕು.

ಅಂಗಡಿಯ ಕಾಜಲ್ ಪೆನ್ಸಿಲಿನ ಸಮಸ್ಯೆ ಬೇರೆ. ಮಸಿ, ಕಬ್ಬಿಣದ ಆಕ್ಸೈಡು, ಮೇಣ ಇಷ್ಟಿದ್ದರೆ ಅದು ಸಾಧಾರಣ ಪೆನ್ಸಿಲು. ಇಡೀ ದಿನ ಅಳಿಸದು, ನೀರಿಗೆ ಜಗ್ಗದು ಎಂದು ಬರೆದಿದ್ದರೆ ಅದರಲ್ಲಿ ಬೇಗ ಆವಿಯಾಗುವ ದ್ರಾವಕವೂ ಅಂಟಿನಂಥ ಸಿಲಿಕೋನ್ ರಾಳವೂ ಇರುತ್ತವೆ. ಅಂಥದ್ದು ಹಚ್ಚುವಾಗ ಮಾಡುವ ಹಾನಿಗಿಂತ ತೆಗೆಯುವಾಗ ಉಜ್ಜುವ ಹಾನಿ ಹೆಚ್ಚು. ದಿನಾ ಹಚ್ಚುವವರು ಅಳಿಸಿಹೋಗುವ ಕಾಡಿಗೆಯನ್ನೇ ಆರಿಸಿಕೊಂಡರೆ ಜಾಣತನ, ಅಳಿಯದ್ದು ಮದುವೆಗಿರಲಿ. ‘ಹೈಪೋಅಲರ್ಜೆನಿಕ್’, ‘ಕಣ್ಣಿನ ತಜ್ಞರು ಪರೀಕ್ಷಿಸಿದ್ದು’ ಎಂಬ ಬರಹಗಳನ್ನು ನಂಬಿ ಹೆಚ್ಚು ದುಡ್ಡು ಕೊಡಬೇಡಿ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕದ ಹೆಸರಿದ್ದರೆ, ಸುಗಂಧ ಸೇರಿಸಿದ್ದರೆ, ಮಿನುಗು ಪುಡಿ ಇದ್ದರೆ ಒಣಗಣ್ಣಿನವರು ಅದನ್ನು ಕೆಳಗಿಡಬೇಕು. ರೆಪ್ಪೆಗೂದಲಿಗೆ ಹಚ್ಚುವ ಮಸ್ಕಾರಾ ತೆರೆದ ಮೂರು ತಿಂಗಳಿಗೆ ಕಸದ ಬುಟ್ಟಿಗೆ ಹೋಗಬೇಕು. ಅದರ ಕುಂಚ ದಿನಾ ರೆಪ್ಪೆಯ ರೋಗಾಣುಗಳನ್ನು ಹೊತ್ತು ಕತ್ತಲ ಕೊಳವೆಗೆ ಮರಳುತ್ತದೆ.

ಬ್ಯೂಟಿ ಪಾರ್ಲರುಗಳು ಹಳ್ಳಿಗಳನ್ನೂ ತಲುಪಿವೆ. ಮದುಮಗಳ ಕಣ್ಣಿಗೆ ಅಂಟಿಸುವ ಕೃತಕ ರೆಪ್ಪೆಗೂದಲಿನ ಅಂಟು ಸಯನೋಅಕ್ರಿಲೇಟ್ ಜಾತಿಯದಾಗಿದ್ದರೆ, ಒಣಗುವಾಗ ಅದರ ಆವಿ ಉರಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ತರಿಸಿದ ಬಣ್ಣದ ಲೆನ್ಸು ಹಾಕಿಕೊಂಡು ಹೋಮದ ಹೊಗೆಯ ಮುಂದೆ ಕೂರಿಸುವುದು ಇನ್ನೂ ದೊಡ್ಡ ಶಿಕ್ಷೆ. ಆ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆದರೆ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನೇ ಕೆಡಿಸಬಹುದು. ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವ ಹುಡುಗಿಯರಿಗೂ ಹುಡುಗರಿಗೂ ಒಂದು ಮಾತು: ಮುಖದ ಎಣ್ಣೆಯನ್ನು ಒಣಗಿಸುವ ಆ ಔಷಧ ರೆಪ್ಪೆಯ ಎಣ್ಣೆಯನ್ನೂ ಒಣಗಿಸುತ್ತದೆ. ಕಣ್ಣುರಿ ಶುರುವಾದರೆ ಗುಳಿಗೆ ಬರೆದುಕೊಟ್ಟವರಿಗೆ ಹೇಳಬೇಕು. ಸುಕ್ಕು ತಡೆಯುವ ರೆಟಿನಾಲ್ ಕ್ರೀಮನ್ನು ರೆಪ್ಪೆಯ ಅಂಚಿನ ತನಕ ಹಚ್ಚಬಾರದು, ಕಾರಣ ಅದೇ.

ಬಣ್ಣ ತೆಗೆಯುವ ವಿದ್ಯೆಯನ್ನು ಯಕ್ಷಗಾನದ ಚೌಕಿಯಲ್ಲಿ ನೋಡಿ ಕಲಿಯಬಹುದು. ಇಡೀ ರಾತ್ರಿ ಮುಖಕ್ಕೆ ಬಣ್ಣ, ಕಣ್ಣಿಗೆ ದಪ್ಪ ಕಾಡಿಗೆ ಹೊತ್ತ ಕಲಾವಿದರು ಬೆಳಗಿನ ಜಾವ ತೆಂಗಿನೆಣ್ಣೆ ಸವರಿ, ಬಣ್ಣ ಕರಗುವವರೆಗೆ ಕಾದು, ಬಟ್ಟೆಯಲ್ಲಿ ಒರೆಸುತ್ತಾರೆ. ಎಣ್ಣೆಯ ಬಣ್ಣ ಎಣ್ಣೆಗೇ ಬಗ್ಗುತ್ತದೆ. ಮನೆಯಲ್ಲಿ ಮಾಡುವಾಗ ಕಣ್ಣು ಮುಚ್ಚಿ, ಹತ್ತಿಗೆ ಎಣ್ಣೆ ತಾಗಿಸಿ ಅರ್ಧ ನಿಮಿಷ ಒತ್ತಿಟ್ಟು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಉಳಿದ ಜಿಡ್ಡನ್ನು ಬೆಚ್ಚನೆ ನೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಅದೂ ಗ್ರಂಥಿಯ ಬಾಯಿಗೆ ಕೂರುತ್ತದೆ. ಕಾಡಿಗೆ ಇಟ್ಟುಕೊಂಡೇ ಮಲಗುವುದಂತೂ ಬೇಡವೇ ಬೇಡ.

ತೊಳೆಯುವ ವಸ್ತುಗಳಲ್ಲಿ ಸೀಗೆಕಾಯಿ ಕಣ್ಣಿಗೆ ಬಿದ್ದಾಗ ಏಕೆ ಅಷ್ಟು ಉರಿಯುತ್ತದೆ ಎಂದರೆ, ಅದರ ನೊರೆಯ ಅಂಶ ತಲೆಯ ಜಿಡ್ಡನ್ನು ಬಿಡಿಸುವಂತೆ ಕಣ್ಣೀರಿನ ಎಣ್ಣೆಪದರವನ್ನೂ ಬಿಡಿಸಿಬಿಡುತ್ತದೆ. ಶಾಂಪೂ, ಸೋಪು, ತೊಳೆಯದೆ ಬಿಡುವ ಮೈಸೆಲ್ಲಾರ್ ನೀರು ಎಲ್ಲವೂ ಇದೇ ಕೆಲಸ ಮಾಡುತ್ತವೆ.

ಬಚ್ಚಲ ಹಂಡೆಯ ಬಿಸಿನೀರಿನಿಂದ ಕಣ್ಣಿಗೆ ದೊಡ್ಡ ಉಪಕಾರವಿದೆ. ಗ್ರಂಥಿಯೊಳಗಿನ ಎಣ್ಣೆ ಗಟ್ಟಿಯಾಗಿ ಕಟ್ಟಿಕೊಂಡಾಗ ಅದನ್ನು ಕರಗಿಸಲು ರೆಪ್ಪೆಗೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಹತ್ತು ನಿಮಿಷ ಬೇಕು. ಮಣಿಕಟ್ಟಿಗೆ ಹಿತವೆನಿಸುವಷ್ಟು ಬಿಸಿಯಾದ ನೀರಿನಲ್ಲಿ ಮೆತ್ತನೆ ಬಟ್ಟೆ ಹಿಂಡಿ, ಮುಚ್ಚಿದ ಕಣ್ಣಿನ ಮೇಲಿಡುವುದು. ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ, ಮತ್ತೆ ಅದ್ದಬೇಕು. ಹೆಚ್ಚಿನವರು ಸೋಲುವುದು ಈ ಬೇಸರಕ್ಕೆ. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರಕ್ಕೆ ನೀವಿದರೆ ಕರಗಿದ ಎಣ್ಣೆ ಹೊರಬರುತ್ತದೆ. ಬೇರುಬಿಟ್ಟ ಒಣಗಣ್ಣು ಇದಕ್ಕೆ ವಾರಗಟ್ಟಲೆ ಸಮಯ ಕೇಳುತ್ತದೆ. ಅದೇ ಬಚ್ಚಲ ಒಲೆಯ ಹೊಗೆ ಮಾತ್ರ ಶತ್ರು. 2016ರ ಉಜ್ವಲಾ ಯೋಜನೆಯಿಂದ ಅಡುಗೆಮನೆಗೆ ಗ್ಯಾಸು ಬಂದರೂ ಸ್ನಾನದ ನೀರಿಗೆ, ಅಡಿಕೆಗೆ ಸೌದೆಯೇ ಗತಿ. ಬೆಂಕಿಗೆ ಗಾಳಿ ಊದುವಾಗ ಕಣ್ಣು ಮುಚ್ಚುವುದು, ಸಾಧ್ಯವಿದ್ದಲ್ಲಿ ಹೊಗೆಕೊಳವೆ ಹಾಕಿಸುವುದು, ಕಣದಲ್ಲೂ ಬೈಕಿನಲ್ಲೂ ಪಕ್ಕ ಮುಚ್ಚಿದ ಕನ್ನಡಕ ಧರಿಸುವುದು ನಮ್ಮ ಕೈಲಿರುವ ಉಪಾಯ. ಮಲಗುವ ಕೋಣೆಯ ಫ್ಯಾನು ನೇರ ಮುಖಕ್ಕೆ ಬೀಸುತ್ತಿದ್ದರೆ ಹಾಸಿಗೆ ಸರಿಸಿ. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದವರು ಇದ್ದಾರೆ, ಅವರಿಗೆ ಬೆಳಗ್ಗೆಯೇ ಉರಿ ಹೆಚ್ಚು.

ಊಟದ ಮಾತು. ಒಂದು ಕಾಲಕ್ಕೆ ನಮ್ಮಲ್ಲಿ ಒಣಗಣ್ಣೆಂದರೆ ಎ ಜೀವಸತ್ವದ ಕೊರತೆ. ಮೊದಲು ಇರುಳುಗಣ್ಣು, ಆಮೇಲೆ ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ (ಫ್ರಾನ್ಸಿನ ಪಿಯರ್ ಬಿಟೊ 1863ರಲ್ಲಿ ವಿವರಿಸಿದ್ದು), ಕಡೆಗೆ ಕಾರ್ನಿಯಾ ಕರಗಿ ಕುರುಡು. ಅದನ್ನು ತಡೆಯಲೆಂದೇ ಭಾರತ 1970ರಲ್ಲಿ ಮಕ್ಕಳಿಗೆ ಈ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಶುರುಮಾಡಿತು. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ, ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೊಡುವ ಹಳದಿ ಔಷಧ ಅದೇ. ಹೊನಗೊನೆ, ನುಗ್ಗೆಸೊಪ್ಪು, ಪಪ್ಪಾಯಿ ಕಣ್ಣಿಗೆ ಒಳ್ಳೆಯದು ಎನ್ನುವ ಮಾತು ನಿಜವಾಗಿದ್ದು ಈ ಕೊರತೆಯ ಮಟ್ಟಿಗೆ. ಹೊಟ್ಟೆತುಂಬ ಸೊಪ್ಪು ತಿನ್ನುವವರ ಒಣಗಣ್ಣು ಇನ್ನಷ್ಟು ಸೊಪ್ಪಿನಿಂದ ಹೋಗುವುದಿಲ್ಲ. ಮೀನೆಣ್ಣೆ ಗುಳಿಗೆಗೂ ಹೆಚ್ಚು ಹಣ ಸುರಿಯಬೇಕಿಲ್ಲ. ಅಮೆರಿಕದಲ್ಲಿ 535 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಡ್ರೀಮ್ ಪ್ರಯೋಗದಲ್ಲಿ, ವರ್ಷವಿಡೀ ದಿನಕ್ಕೆ 3 ಗ್ರಾಂ ಒಮೆಗಾ-3 ನುಂಗಿದವರಿಗೂ ಆಲಿವ್ ಎಣ್ಣೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂಗುಡೆ ಸಾರು ರುಚಿಗಾಗಿ ಉಣ್ಣಿ.

ನೆಗಡಿ, ತುರಿಕೆಗೆ ನುಂಗುವ ಸೆಟ್ರಿಜಿನ್, ಸಿಪಿಎಂ ಥರದ ಗುಳಿಗೆಗಳು ಮೂಗಿನ ಜೊತೆ ಕಣ್ಣನ್ನೂ ಒಣಗಿಸುತ್ತವೆ. ಮುಟ್ಟು ನಿಂತ ಮೇಲೆ, ಸಕ್ಕರೆ ಕಾಯಿಲೆಯಲ್ಲಿ, ಪೊರೆ ಆಪರೇಶನ್ ಆದ ಹೊಸತರಲ್ಲಿ ಒಣಗಣ್ಣು ಹೆಚ್ಚುವುದೂ ಸಾಮಾನ್ಯ. ‘ಆಪರೇಶನ್ ಹಾಳಾಯ್ತು’ ಎಂದು ಅಜ್ಜ ಗಾಬರಿಯಾಗಿದ್ದರೆ ಮೊದಲು ಇದನ್ನು ನೋಡಿಸಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಪರೀಕ್ಷೆ ಸರಳ: 1903ರಲ್ಲಿ ಷಿರ್ಮರ್ ಎಂಬ ಕಣ್ಣಿನ ವೈದ್ಯರು ರೂಪಿಸಿದ, 5 ಮಿಲಿಮೀಟರ್ ಅಗಲದ ಒರೆಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುತ್ತಾರೆ. ಐದು ಮಿಲಿಮೀಟರಿಗಿಂತ ಕಡಿಮೆ ಬಂದರೆ ನೀರಿನ ಕೊರತೆ ತೀವ್ರ.

ಎಲ್ಲ ಕೆಂಪು ಕಣ್ಣೂ ಒಣಗಣ್ಣಲ್ಲ. ಭತ್ತದ ಸುಂಕು ತಾಗಿ ಒಂದು ಕಣ್ಣು ಮಾತ್ರ ಕೆಂಪಾಗಿ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಕಾರ್ನಿಯಾಕ್ಕೆ ಶಿಲೀಂಧ್ರ ಹತ್ತಿರಬಹುದು. ಅಂಥ ಕಣ್ಣಿಗೆ ಎದೆಹಾಲು, ಜೇನು, ಪನ್ನೀರು ಏನನ್ನೂ ಬಿಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಡಿಸೆಂಬರಿನಿಂದ ಮೇ ತಿಂಗಳ ನಡುವೆ ಕಾಡಿನೊಳಗೆ ಹೋಗಿಬಂದವರಿಗೆ ಏಕಾಏಕಿ ಜ್ವರ, ತಲೆನೋವು, ಮೈನೋವಿನ ಜೊತೆ ಕಣ್ಣು ಕೆಂಪಾದರೆ ಅದು ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಆ ಕಾಯಿಲೆ ಮೊದಲು ಗುರುತಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಎಂಬುದನ್ನು ಇಲ್ಲಿನವರಿಗೆ ನೆನಪಿಸಬೇಕಾಗಿಲ್ಲ.

ಮೆಡಿಕಲ್ ಶಾಪಿನಲ್ಲಿ ‘ಕಣ್ಣುರಿಗೆ ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳುವುದರಲ್ಲಿ ಅಪಾಯ ಉಂಟು. ಕೊಡುವ ಸೀಸೆಯಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ಎರಡು ದಿನಕ್ಕೆ ಮಾಯ. ಹಾಗೆಂದು ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಪೊರೆ, ಗ್ಲಾಕೋಮಾ. ಕಣ್ಣಿನ ಕೆಂಪನ್ನು ತಕ್ಷಣ ಬಿಳಿ ಮಾಡುವ ಹನಿಯೂ ಬೇಡ, ಬಿಟ್ಟಾಗ ಕೆಂಪು ಇಮ್ಮಡಿಯಾಗುತ್ತದೆ. ಕೇಳಬೇಕಾದ್ದು ಕೃತಕ ಕಣ್ಣೀರು: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಶೇಕಡಾ 0.5ರಷ್ಟು ಇರುವುದು ಎಲ್ಲೆಡೆ ಸಿಗುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು ಸಂರಕ್ಷಕವಿಲ್ಲದ, ಒಂದೊಂದೇ ಬಳಕೆಯ ಪುಟ್ಟ ಪ್ಲಾಸ್ಟಿಕ್ ಕೊಳವೆಯದನ್ನು ಕೇಳಬೇಕು. ಸಾಮಾನ್ಯ ಸೀಸೆಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇಪದೇ ಬಿದ್ದರೆ ಕಣ್ಣಿನ ಮೇಲ್ಪದರವೇ ಸವೆಯುತ್ತದೆ. ಒಂದು ಸಲಕ್ಕೆ ಒಂದೇ ಹನಿ. ಎರಡನೆಯದು ಕೆನ್ನೆಯ ಪಾಲು. ಸೀಸೆಯ ಮೂತಿ ರೆಪ್ಪೆಗೆ ತಾಗಬಾರದು, ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಸೀಸೆಯ ಮೇಲೆ ಬರೆದಿಡಬೇಕು. ಕಾಡಿಗೆ ಹಚ್ಚುವ ದಿನ ಮೊದಲು ಹನಿ ಬಿಟ್ಟು, ಕಣ್ಣು ಮುಚ್ಚಿ ಕೂತು, ಕಾಲು ಗಂಟೆ ಕಳೆದ ಮೇಲೆ ರೆಪ್ಪೆಗೂದಲಿನ ಹೊರಗೆ ಗೆರೆ ಎಳೆಯಿರಿ. ಹನಿಯ ಹಿಂದೆಯೇ ಎಳೆದರೆ ಗೆರೆ ಹರಡಿ ಮತ್ತೆ ಆ ತೇವದ ಪಟ್ಟಿಗೇ ಇಳಿಯುತ್ತದೆ.